ಬಾಗಿಲಲ್ಲಿ ನಿಂತ ಜೀರುಂಡೆ

ಕಳೆದ ಏಪ್ರಿಲ್‌ನಲ್ಲಿ ಅಂಕೋಲಾದ ಅಜ್ಜಿಮನೆಯ ಹೆಂಚು ಇಳಿಸಿದೆವು. ಮಳೆ ಹಿಡಿಯುವ ಮೊದಲು ಪಕಾಸು, ರೀಪು ಎಲ್ಲ ಬದಲಿಸಬೇಕಿತ್ತು. ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಬಂತು. ಬಿರುಕು ಬಿಟ್ಟ ಭರಣಿ, ಕಾಲು ಮುರಿದ ತೊಟ್ಟಿಲು, ಎರಡು ಪೆಟಾರಿ. ಒಂದು ಪೆಟಾರಿಯ ತಳದಲ್ಲಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಬಿಸ್ಕೀಟು ಡಬ್ಬಿ ಇತ್ತು. ಮುಚ್ಚಳ ತುಕ್ಕು ಹಿಡಿದು ಕೂತಿತ್ತು. ಚಮಚದ ಹಿಡಿಕೆಯಿಂದ ಮೀಟಿದಾಗ ಬಿಟ್ಟುಕೊಂಡಿತು. ಒಳಗಿಂದ ಬಜೆಯ ವಾಸನೆ ಬಂತು.

ಐದು ಪೋಸ್ಟ್ ಕಾರ್ಡು. ಐದೂ ಇದ್ದವು.

ನಾನು ತುಳಸಿಕಟ್ಟೆಯ ಪಕ್ಕ ಹಾಗೇ ಕೂತುಬಿಟ್ಟೆ. ಅಜ್ಜಿ ಹೋದ ಮೇಲೆ ಈ ಕಾರ್ಡುಗಳೂ ಹೋದವು ಅಂತಲೇ ಅಂದುಕೊಂಡಿದ್ದೆ. ಸಣ್ಣವಳಿದ್ದಾಗ ಬೇಸಿಗೆ ರಜೆಗೆ ಬಂದರೆ, ಮಧ್ಯಾಹ್ನದ ಊಟ ಮುಗಿದ ಮೇಲೆ ಅಜ್ಜಿ ಇವನ್ನು ಜಗಲಿಯ ಚಾಪೆಯ ಮೇಲೆ ಒಂದೊಂದಾಗಿ ಹರಡುತ್ತಿದ್ದಳು. ಆಗ ಈಶಾಡು ಮಾವಿನಹಣ್ಣಿನ ಕಾಲ, ನಮ್ಮ ಕೈಯೆಲ್ಲ ರಸ. ಮೊದಲು ಕೈ ತೊಳೆದು, ಒರೆಸಿ, ಅಂಗೈ ತೋರಿಸಬೇಕಿತ್ತು. ಆಮೇಲೆ ಕಾರ್ಡಿನ ಅಂಚನ್ನಷ್ಟೇ ಹಿಡಿದು ನೋಡಬಹುದಿತ್ತು.

ಕಾಗೆ ಮತ್ತು ನರಿ. ನರಿ ಮತ್ತು ಕೊಕ್ಕರೆ. ತೋಳ ಮತ್ತು ಕುರಿಮರಿ. ಆಮೆ ಮತ್ತು ಎರಡು ಬಾತುಕೋಳಿ. ಜೀರುಂಡೆ ಮತ್ತು ಇರುವೆ. ಐದೂ ಫ್ರಾನ್ಸಿನಿಂದ ಬಂದವು.

ಕಳಿಸಿದವನು ಅಜ್ಜಿಯ ಅಣ್ಣ. ನಾವು ಮಕ್ಕಳು ಅವನನ್ನು ನೋಡಿದ್ದೇ ಇಲ್ಲ, ಆದರೂ ಹಡಗಿನಜ್ಜ ಅಂತ ಕರೆಯುತ್ತಿದ್ದೆವು. ಕಾರವಾರದಿಂದ ಸ್ಟೀಮರ್ ಹತ್ತಿ ಮುಂಬೈಗೆ ಹೋದವನು ಅಲ್ಲಿ ದೊಡ್ಡ ಹಡಗೊಂದರ ಅಡುಗೆಮನೆ ಸೇರಿದ. ಪಾತ್ರೆ ತಿಕ್ಕುವುದರಿಂದ ಶುರುಮಾಡಿ ಭಂಡಾರಿಯಾದ. ಹಡಗಿನ ಆಳುಗಳಿಗೆ ಅಡುಗೆ ಮಾಡುವವನಿಗೆ ಆಗ ಹಾಗೆ ಹೇಳುತ್ತಿದ್ದರು. ಅವನ ಹಡಗು ಸುಯೆಜ್ ಕಾಲುವೆ ದಾಟಿ ಮಾರ್ಸೇಲ್ಸ್ ಬಂದರಿನಲ್ಲಿ ನಿಲ್ಲುತ್ತಿತ್ತು. ಅಲ್ಲಿ ಇಳಿದಾಗ ಊರಿನಲ್ಲಿದ್ದ ತಂಗಿಗೆ ಒಂದು ಕಾರ್ಡು ಹಾಕುತ್ತಿದ್ದ. ಮೊದಲನೆಯದರ ಮೇಲೆ 1929ರ ಅಂಚೆ ಠಸ್ಸೆ ಇದೆ, ಕೊನೆಯದರ ಮೇಲೆ 1933ರದ್ದು. ವಿಳಾಸವನ್ನು ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸಿದ್ದಾನೆ. ಅಂಕೋಲಾ, ನಾರ್ತ್ ಕೆನರಾ, ಬಾಂಬೆ ಪ್ರೆಸಿಡೆನ್ಸಿ. ಮಿಕ್ಕಿದ್ದು ಅವನದೇ ಅಕ್ಷರ, ಕನ್ನಡ.

ಅವನು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದವನು. ಫ್ರೆಂಚ್ ಒಂದಕ್ಷರ ಬರುತ್ತಿರಲಿಲ್ಲ. ಕಾರ್ಡಿನ ಅಡಿಯಲ್ಲಿ ಅಚ್ಚಾಗಿದ್ದ ಕತೆಯ ಹೆಸರಾಗಲಿ, ನೀತಿಯ ಸಾಲಾಗಲಿ ಅವನಿಗೆ ತಿಳಿದಿರಲಿಲ್ಲ. ಚಿತ್ರ ನೋಡಿದ, ತನಗೆ ಕಂಡದ್ದನ್ನು ಬರೆದ. ಅಜ್ಜಿ ಅದನ್ನೇ ಕತೆಯಾಗಿ ನಮಗೆ ಹೇಳಿದಳು. ನಾನು ಬೆಳೆದದ್ದು ಆ ಕತೆಗಳನ್ನು ಕೇಳಿಕೊಂಡು.

ಕಾರ್ಡುಗಳನ್ನು ಶಿರಸಿಗೆ ತಂದೆ. ದೇವಿಮನೆ ಘಾಟಿ ಹತ್ತುವಾಗ ಡಬ್ಬಿ ಮಡಿಲಲ್ಲೇ ಇತ್ತು. ಈಗ ಮೇಜಿನ ಮೇಲಿವೆ. ರಾತ್ರಿ ಕೆಲಸ ಮುಗಿದ ಮೇಲೆ ಭೂತಗನ್ನಡಿ ಹಿಡಿದು ನೋಡುತ್ತೇನೆ.

ಪತ್ರಿಕೆಯ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಲಾಗಿ ಜೋಡಿಸಿಟ್ಟ ಚುಕ್ಕಿ ಕಾಣುತ್ತವೆ. ಈ ಕಾರ್ಡುಗಳಲ್ಲಿ ಹಾಗಿಲ್ಲ. ರಂಗೋಲಿ ಪುಡಿ ಉದುರಿಸಿದ ಹಾಗೆ ಬಣ್ಣದ ಕಣಗಳು, ಒಂದು ಕಡೆ ದಟ್ಟ, ಒಂದು ಕಡೆ ತೆಳು. ಇವು ಕಲ್ಲಚ್ಚಿನವು. ನುಣ್ಣಗೆ ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಣ್ಣದಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ, ಮಸಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಮಸಿ ಹತ್ತುತ್ತದೆ. ಜರ್ಮನಿಯ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಕೊಂಡ ಉಪಾಯ ಇದು. ಬಣ್ಣದ ಚಿತ್ರಕ್ಕೆ ಪ್ರತಿ ಬಣ್ಣಕ್ಕೂ ಬೇರೆ ಕಲ್ಲು ಬೇಕು. ಒಂದೇ ಕಾಗದ ಹತ್ತು ಹನ್ನೆರಡು ಸಲ ಯಂತ್ರದೊಳಗೆ ಹೋಗಿ ಬರಬೇಕಾಗುತ್ತಿತ್ತು. ಪ್ರತಿ ಸಲವೂ ಕೂದಲೆಳೆಯಷ್ಟೂ ಜರುಗದೆ ಅದೇ ಜಾಗಕ್ಕೆ ಕೂರಬೇಕು. ನಮ್ಮ ಇರುವೆಯ ಕಾರ್ಡಿನಲ್ಲಿ ಕೆಂಪು ಕಲ್ಲು ಸ್ವಲ್ಪ ಜರುಗಿದೆ. ಇರುವೆ ಕಟ್ಟಿಕೊಂಡ ಅಡುಗೆಬಟ್ಟೆಯ ಕೆಂಪು ಗೆರೆ ದಾಟಿ ಬಾಗಿಲ ಚೌಕಟ್ಟಿಗೆ ಮೆತ್ತಿದೆ.

ಅಜ್ಜಿಮನೆಯ ದೇವರ ಕೋಣೆಯಲ್ಲಿದ್ದ ಲಕ್ಷ್ಮಿಯ ಪಟವೂ ಇದೇ ಬಗೆಯದು. ರಾಜಾ ರವಿವರ್ಮನ ಅಚ್ಚುಕೂಟ ಮುಂಬೈಯಲ್ಲಿ 1894ರಲ್ಲಿ ಶುರುವಾಯಿತು. ಅಲ್ಲಿಂದ ಹೊರಟ ದೇವರ ಪಟಗಳು ಕರಾವಳಿಯ ಎಷ್ಟೋ ಮನೆಗಳ ಗೋಡೆ ಸೇರಿದವು. ಒಂದೇ ತಂತ್ರದ ಎರಡು ಚಿತ್ರ ಒಂದೇ ಮನೆಯಲ್ಲಿ, ಒಂದು ದೇವರ ಕೋಣೆಯಲ್ಲಿ, ಇನ್ನೊಂದು ಬಿಸ್ಕೀಟು ಡಬ್ಬಿಯಲ್ಲಿ. ಇದು ನನಗೆ ಹೊಳೆದದ್ದು ಈಚೆಗೆ.

ಪೋಸ್ಟ್ ಕಾರ್ಡು ಅನ್ನುವುದೇ ಆಗ ತೀರಾ ಹಳೆಯದೇನಲ್ಲ. 1869ರ ಅಕ್ಟೋಬರ್ 1ಕ್ಕೆ ಆಸ್ಟ್ರಿಯಾ-ಹಂಗೇರಿಯಲ್ಲಿ ಮೊದಲ ಕಾರ್ಡು ಬಂತು. ನಮ್ಮಲ್ಲಿ ಬಂದದ್ದು 1879ರ ಜುಲೈ 1ಕ್ಕೆ, ಬೆಲೆ ಕಾಲಾಣೆ. ಚಿತ್ರದ ಕಾರ್ಡಿನ ಹುಚ್ಚು ಯುರೋಪಿನಲ್ಲಿ 1900ರಿಂದ ಮೊದಲ ಮಹಾಯುದ್ಧದವರೆಗೆ ಜೋರಾಗಿತ್ತು. ಊರಿನ ಚೌಕ, ನಾಟಕದ ನಟಿ, ಹೂಗುಚ್ಛ, ರೈಲು, ಎಲ್ಲವೂ ಕಾರ್ಡಿಗೆ ಬಂದವು. ಪ್ರಾಣಿಗಳ ನೀತಿಕತೆಯೂ ಬಂತು. ಫ್ರಾನ್ಸಿನಲ್ಲಂತೂ ಹದಿನೇಳನೇ ಶತಮಾನದ ಕವಿ ಲಾ ಫೊಂಟೇನ್ ಬರೆದ ಕತೆಪದ್ಯಗಳನ್ನು ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಚಿತ್ರ ನೋಡಿದ ತಕ್ಷಣ ಇಡೀ ಪದ್ಯ ನೆನಪಿಗೆ ಬರುತ್ತಿತ್ತು. ಅಂಥ ಕಡೆ ಕಾರ್ಡಿನವನು ಜಾಸ್ತಿ ವಿವರಿಸಬೇಕಾಗಿರಲಿಲ್ಲ.

ಕಾರ್ಡಿನ ಅಳತೆ 9 ಸೆಂಟಿಮೀಟರ್, 14 ಸೆಂಟಿಮೀಟರ್. ಅಷ್ಟರಲ್ಲಿ ಒಂದು ಕತೆ ಹಿಡಿಸಬೇಕು. ಕತೆಗೆ ಮೊದಲು ಇದೆ, ನಡು ಇದೆ, ಕೊನೆ ಇದೆ. ಚಿತ್ರಕಾರ ಒಂದು ಗಳಿಗೆಯನ್ನಷ್ಟೇ ಆರಿಸಿಕೊಳ್ಳಬಹುದು. ನನ್ನ ಐದು ಕಾರ್ಡುಗಳಲ್ಲೂ ಅವನು ಆರಿಸಿದ್ದು ಆಗುವುದು ಇನ್ನೂ ಆಗದ ಗಳಿಗೆಯನ್ನು. ಕಾಗೆಯ ಕೊಕ್ಕಿನಲ್ಲಿ ಚೀಸ್ ಇನ್ನೂ ಇದೆ. ತೋಳ ಇನ್ನೂ ಬರೀ ಮಾತಾಡುತ್ತಿದೆ. ಆಮೆ ಇನ್ನೂ ಕೋಲು ಕಚ್ಚಿಕೊಂಡಿದೆ. ನೀತಿ ಹುಟ್ಟುವುದು ಆಮೇಲೆ. ಅದಕ್ಕೇ ಅದನ್ನು ಅಡಿಯಲ್ಲಿ ಅಕ್ಷರದಲ್ಲಿ ಅಚ್ಚು ಹಾಕಬೇಕಾಯಿತು. ಅಕ್ಷರ ಓದಲು ಬಾರದವನಿಗೆ ಆ ಗಳಿಗೆ ಹಾಗೇ ತೆರೆದುಕೊಂಡೇ ಇರುತ್ತದೆ, ಅಲ್ವಾ?

ಕಾಗೆ ಮತ್ತು ನರಿಯ ಕಾರ್ಡು ಐದರಲ್ಲಿ ಹಳೆಯದು. ಅದು ಗೊತ್ತಾಗುವುದು ಹಿಂಭಾಗದಿಂದ. ಮೊದಲೆಲ್ಲ ಕಾರ್ಡಿನ ಹಿಂದೆ ವಿಳಾಸ ಬಿಟ್ಟು ಬೇರೇನೂ ಬರೆಯುವ ಹಾಗಿರಲಿಲ್ಲ. ಹೇಳುವುದೇನಿದ್ದರೂ ಚಿತ್ರದ ಸುತ್ತ ಉಳಿದ ಜಾಗದಲ್ಲಿ ಹೇಳಬೇಕು. ಬ್ರಿಟನ್ 1902ರಲ್ಲಿ, ಫ್ರಾನ್ಸ್ ಅದರ ಮರುವರ್ಷ ಈ ನಿಯಮ ಬದಲಿಸಿ ಹಿಂಭಾಗವನ್ನು ವಿಳಾಸಕ್ಕೊಂದು, ಬರಹಕ್ಕೊಂದು ಅಂತ ಎರಡಾಗಿ ಸೀಳಿದವು. ನಮ್ಮ ಕಾಗೆಯ ಕಾರ್ಡಿಗೆ ನಡುಗೆರೆ ಇಲ್ಲ. ಅಂದರೆ ಹಡಗಿನಜ್ಜ ಕೊಳ್ಳುವಾಗಲೇ ಅದಕ್ಕೆ ಇಪ್ಪತ್ತೈದು ವರ್ಷ ದಾಟಿತ್ತು. ಬಂದರಿನ ಹತ್ತಿರ ಹಳೆ ಸಾಮಾನು ಮಾರುವವನ ಬುಟ್ಟಿಯಲ್ಲಿ ಸಿಕ್ಕಿರಬೇಕು. ಹಿಂದೆ ಜಾಗವಿಲ್ಲ ಅಂತ ಅವನು ಆಕಾಶದಲ್ಲಿ ಬರೆದಿದ್ದಾನೆ. ಕಾಗೆಯ ತಲೆಯ ಮೇಲೆ ಎರಡು ಸಾಲು, ಕೊಂಬೆಯ ಕೆಳಗೆ ಒಂದು ಸಾಲು. ಮಸಿ ಈಗ ಗೋರಂಟಿಯ ಬಣ್ಣಕ್ಕೆ ತಿರುಗಿದೆ.

‘ಕಾಗೆಯ ಹಾಡು ಚೆಂದ ಅಂತ ಯಾರಾದರೂ ಹೇಳಿದ್ದು ಇದೇ ಮೊದಲು ಇರಬೇಕು. ಪಾಪ.’

ಈ ಕತೆ ಅವನಿಗೆ ಗೊತ್ತಿತ್ತು. ನಮ್ಮ ಕಡೆ ಎಲ್ಲರಿಗೂ ಗೊತ್ತು. ನಮ್ಮ ಕಾಗೆಯ ಬಾಯಲ್ಲಿ ಚೀಸ್ ಬದಲು ರೊಟ್ಟಿಯೋ ವಡೆಯೋ ಇರುತ್ತದೆ, ಅಷ್ಟೇ. ಈಸೋಪನ ಹೆಸರಿನ ಹಳೆಯ ಗ್ರೀಕ್ ಪಾಠದಲ್ಲಿ ಅದು ಮಾಂಸ. ಲ್ಯಾಟಿನ್‌ನಲ್ಲಿ ಬರೆದ ಫೀಡ್ರಸ್ ಅದನ್ನು ಚೀಸ್ ಮಾಡಿದ, ಲಾ ಫೊಂಟೇನ್ ಹಾಗೇ ಉಳಿಸಿಕೊಂಡ. ಲಾ ಫೊಂಟೇನ್‌ನ ಪದ್ಯದಲ್ಲಿ ನೀತಿಯನ್ನು ಹೇಳುವುದು ನರಿ. ಕದ್ದವನೇ ನಿಂತು ಬುದ್ಧಿ ಹೇಳುತ್ತಾನೆ: ಹೊಗಳುವವನು ಹೊಗಳಿಸಿಕೊಳ್ಳುವವನ ಖರ್ಚಿನಲ್ಲಿ ಬದುಕುತ್ತಾನೆ, ಈ ಪಾಠದ ಬೆಲೆ ಒಂದು ಚೀಸ್. ಚಿಂತಕ ರೂಸೋಗೆ ಇದು ಸರಿಕಂಡಿರಲಿಲ್ಲ. 1762ರಲ್ಲಿ ಮಕ್ಕಳನ್ನು ಬೆಳೆಸುವುದರ ಬಗ್ಗೆ ಬರೆಯುತ್ತ, ಈ ಕತೆ ಕೇಳಿದ ಮಗು ಕಾಗೆಯನ್ನು ನೋಡಿ ನಗುತ್ತದೆ, ನರಿಯ ಕಡೆ ಸೇರುತ್ತದೆ ಅಂದ. ಎಚ್ಚರವಾಗಿರು ಅಂತ ಹೇಳಹೊರಟರೆ ಮಗು ಕಲಿಯುವುದು ಮೋಸವನ್ನು ಅಂತ ಅವನ ಚಿಂತೆ. ನಾವು ಮಾತ್ರ ಅಜ್ಜಿಯ ಜಗಲಿಯಲ್ಲಿ ಯಾವತ್ತೂ ನರಿಯ ಕಡೆ ಸೇರಲಿಲ್ಲ. ‘ಪಾಪ’ ಅಂತ ಅಜ್ಜಿ ಹೇಳುವಾಗ ಅವಳ ಮುಖ ನಿಜಕ್ಕೂ ಸಣ್ಣಗಾಗುತ್ತಿತ್ತು. ಪಿತೃಪಕ್ಷದಲ್ಲಿ ಎಡೆ ಇಟ್ಟು, ಕಾಗೆ ಬಂತೋ ಇಲ್ಲವೋ ಅಂತ ಹಿತ್ತಲಲ್ಲಿ ಕಾಯುವ ಮನೆ ಅದು. ಅಲ್ಲಿ ಕಾಗೆಯನ್ನು ನೋಡಿ ನಗುವುದು ಹೇಗೆ?

ನರಿ ಮತ್ತು ಕೊಕ್ಕರೆಯ ಕತೆ ಗೊತ್ತೇ ಇದೆ. ನರಿ ಗಂಜಿಯನ್ನು ಚಪ್ಪಟೆ ತಟ್ಟೆಯಲ್ಲಿ ಬಡಿಸುತ್ತದೆ. ಕೊಕ್ಕರೆ ಉದ್ದ ಕತ್ತಿನ ಹೂಜಿಯಲ್ಲಿ ಬಡಿಸಿ ಸೇಡು ತೀರಿಸಿಕೊಳ್ಳುತ್ತದೆ. ಕಾರ್ಡಿನಲ್ಲಿರುವುದು ತಟ್ಟೆ ಮಾತ್ರ. ಭಂಡಾರಿ ಬರೆದದ್ದು ಭಂಡಾರಿಯ ಮಾತನ್ನೇ: ‘ಉಣ್ಣುವವರ ಬಾಯಿ ನೋಡಿ ಪಾತ್ರೆ ಇಡಬೇಕು.’ ಅಜ್ಜಿ ಕೊನೆವರೆಗೂ ಹಾಗೇ ನಡೆದುಕೊಂಡಳು. ಹಲ್ಲಿಲ್ಲದ ನೆಂಟರು ಬಂದರೆ ಅವರ ಅನ್ನ ಬೇರೆಯಾಗಿ ಬೇಯುತ್ತಿತ್ತು.

ತೋಳದ ಕಾರ್ಡಿನ ಮೇಲಂಚಿನಲ್ಲಿ ಒಂದು ತೂತು ಇದೆ, ಸುತ್ತ ತುಕ್ಕಿನ ಕಲೆ. ಅದನ್ನು ಅಜ್ಜಿಯ ಅಪ್ಪ ಜಗಲಿಯ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದ್ದನಂತೆ. ಠಸ್ಸೆ 1932ರದ್ದು.

ಅಂಕೋಲಾದವರಿಗೆ ಆ ವರ್ಷಗಳ ಬಗ್ಗೆ ಹೇಳಬೇಕಿಲ್ಲ. 1930ರ ಏಪ್ರಿಲ್ 13ರಂದು ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲೆ ಕರನಿರಾಕರಣೆ. ಅಂಕೋಲಾ, ಸಿದ್ದಾಪುರ ಕಡೆಯ ರೈತರು ಭೂಕಂದಾಯ ಕಟ್ಟುವುದಿಲ್ಲ ಅಂದರು. ಮನೆಮನೆಗೆ ಜಪ್ತಿ ಬಂತು. ಹೊಲ ಹೋಯಿತು, ದನ ಹೋಯಿತು, ಪಾತ್ರೆಪಗಡಿಯೂ ಹೋಯಿತು. ಅಜ್ಜಿ ಆಗ ಹತ್ತು ವರ್ಷದವಳು. ತನ್ನ ಹಿತ್ತಾಳೆ ಚೊಂಬನ್ನು ಬಾವಿಗೆ ಬಿಟ್ಟು ಉಳಿಸಿಕೊಂಡದ್ದನ್ನು ಮುದುಕಿಯಾದ ಮೇಲೂ ಹೇಳುತ್ತಿದ್ದಳು.

ಕಾರ್ಡಿನಲ್ಲಿ ತೊರೆಯೊಂದು ಹರಿಯುತ್ತಿದೆ. ಮೇಲ್ಗಡೆ ತೋಳ, ಕೆಳಗಡೆ ಕುರಿಮರಿ. ನೀರು ಎತ್ತ ಹರಿಯುತ್ತಿದೆ ಅಂತ ಚಿತ್ರಕಾರ ಸಣ್ಣ ಸಣ್ಣ ಬಿಳಿ ಗೆರೆಗಳಲ್ಲಿ ಜೋಪಾನವಾಗಿ ತೋರಿಸಿದ್ದಾನೆ. ಈ ಕತೆಯ ಜೀವ ಇರುವುದೇ ಆ ಗೆರೆಗಳಲ್ಲಿ. ನನ್ನ ನೀರನ್ನು ಕದಡುತ್ತಿದ್ದೀಯ ಅಂತ ತೋಳ ಗದರುತ್ತದೆ. ನಾನು ನಿಮಗಿಂತ ಇಪ್ಪತ್ತು ಹೆಜ್ಜೆ ಕೆಳಗಿದ್ದೇನೆ, ನನ್ನಿಂದ ಹೇಗೆ ಕದಡುತ್ತದೆ ಅಂತ ಮರಿ ಕೇಳುತ್ತದೆ. ಉತ್ತರ ಸರಿಯಾಗಿಯೇ ಇದೆ, ಆದರೂ ತೋಳ ತಿನ್ನುತ್ತದೆ. ಲಾ ಫೊಂಟೇನ್ ಇಲ್ಲಿ ನೀತಿಯನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾನೆ: ಬಲವಿದ್ದವನ ವಾದವೇ ಯಾವಾಗಲೂ ಮೇಲು. ಹಾಗೇ ಇರಬೇಕು ಅಂತಲ್ಲ, ಹಾಗಿದೆ ಅಂತ. ಹಡಗಿನಜ್ಜ ಈ ಕಾರ್ಡಿನ ಮೇಲೆ ಚಿತ್ರದ ಬಗ್ಗೆ ಏನೂ ಬರೆದಿಲ್ಲ. ‘ಉಭಯ ಕುಶಲೋಪರಿ. ಊರಿನ ಸುದ್ದಿ ಮುಂಬೈಯಲ್ಲಿ ಕೇಳಿದೆ’ ಅಂತಷ್ಟೇ ಇದೆ. ಜಪ್ತಿಗೆ ಬಂದವರು ಕಂಬದ ಮೇಲಿನ ಚಿತ್ರ ನೋಡಿದ್ದರಂತೆ. ಸುಮ್ನೆ ನೋಡಿ ಮುಂದೆ ಹೋದರಂತೆ.

ಇನ್ನು ಜೀರುಂಡೆ. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಚಿತ್ರದಲ್ಲಿ ಹಿಮ ಬೀಳುತ್ತಿದೆ. ಇರುವೆಯ ಮನೆಯ ಬಾಗಿಲು ಅರ್ಧ ತೆರೆದಿದೆ. ಕೈಯಲ್ಲಿ ಪೊರಕೆ ಹಿಡಿದ ಇರುವೆ ಹೊಸ್ತಿಲ ಮೇಲೆ ನಿಂತಿದೆ. ಹಿಂದೆ ಒಲೆಯ ಬೆಳಕು, ಗೋಡೆಯ ತುಂಬ ಧಾನ್ಯದ ಚೀಲ. ಹೊರಗೆ ಹರಿದ ಶಾಲು ಹೊದ್ದು, ಗಿಟಾರಿನಂಥ ವಾದ್ಯ ಬಗಲಲ್ಲಿ ಇಟ್ಟುಕೊಂಡು ನಿಂತವಳು ಜೀರುಂಡೆ. ಅವಳ ಪಾದ ಹಿಮದಲ್ಲಿ ಹೂತಿದೆ. ಭೂತಗನ್ನಡಿ ಹಿಡಿದರೆ ಒಲೆಯ ಹಳದಿ ಬಣ್ಣ ಹೊಸ್ತಿಲಿನವರೆಗೆ ಬಂದು ನಿಂತದ್ದು ಕಾಣುತ್ತದೆ. ಜೀರುಂಡೆಯ ಮೇಲೆ ಒಂದು ಕಣ ಹಳದಿಯೂ ಬಿದ್ದಿಲ್ಲ. ಆ ಹಳದಿ ಕಲ್ಲಿನ ಮೇಲೆ ಬರೆದವನು ಅಷ್ಟು ನೋಡಿಕೊಂಡಿದ್ದಾನೆ.

ಹಡಗಿನಜ್ಜ ಬರೆದದ್ದು: ‘ಹಸಿದು ಬಂದವರ ಮುಂದೆ ಬಾಗಿಲು ಹಾಕಬಾರದು. ಈ ದೇಶದಲ್ಲಿ ಚಳಿ ಬಹಳ.’

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಹಾಡುವವಳೊಬ್ಬಳು ಊರೂರು ತಿರುಗಿ ಎಲ್ಲರಿಗೂ ಹಾಡು ಹೇಳುತ್ತಾಳೆ. ಚಳಿಗಾಲದಲ್ಲಿ ಗಂಟಲು ಕಟ್ಟುತ್ತದೆ. ಹಾಡು ಕೇಳಿಸಿಕೊಂಡವರ ಮನೆಗೇ ಬಂದು ಒಂದು ಹಿಡಿ ಅಕ್ಕಿ ಕೇಳುತ್ತಾಳೆ. ಮನೆಯವಳು ಕೊಡುವುದಿಲ್ಲ. ಅಜ್ಜಿ ಅಲ್ಲಿಗೆ ನಿಲ್ಲಿಸಿ, ‘ನೀವಾದರೆ?’ ಅನ್ನುತ್ತಿದ್ದಳು. ನಾವೆಲ್ಲ ಒಟ್ಟಿಗೆ ಕೂಗುತ್ತಿದ್ದೆವು, ಕೊಡ್ತೇವೆ, ಕೊಡ್ತೇವೆ.

ಮೂರನೇ ಕ್ಲಾಸಿನ ಪರೀಕ್ಷೆಯಲ್ಲಿ ಈ ಕತೆ ಬಂತು. ನಮ್ಮ ಪಾಠದಲ್ಲಿ ಅದು ಮಿಡತೆ ಮತ್ತು ಇರುವೆ. ಕತೆಯ ನೀತಿ ಬರೆಯಿರಿ ಅಂತ ಎರಡು ಮಾರ್ಕಿನ ಪ್ರಶ್ನೆ. ನಾನು ಬಾಗಿಲಿನ ಮಾತು ಬರೆದೆ. ಕೆಂಪು ಶಾಯಿಯಲ್ಲಿ ದೊಡ್ಡ ತಪ್ಪು ಗುರುತು ಬಂತು. ಸೋಮಾರಿತನ ಒಳ್ಳೆಯದಲ್ಲ ಅಂತ ಬರೆಯಬೇಕಿತ್ತು. ನನಗೆ ಮಾರ್ಕು ಹೋದದ್ದಕ್ಕಿಂತ ಜಾಸ್ತಿ ದುಃಖ ಆದದ್ದು ಅಜ್ಜಿ ತಪ್ಪು ಹೇಳಿಕೊಟ್ಟಳಲ್ಲ ಅಂತ. ರಜೆಗೆ ಹೋದವಳೇ ಅಳುತ್ತ ಕೇಳಿದೆ. ಅಜ್ಜಿ ಡಬ್ಬಿ ತೆಗೆದು ಕಾರ್ಡನ್ನು ನನ್ನ ಕೈಗೆ ಕೊಟ್ಟಳು. ಆ ದಿನ ಕೈ ತೊಳೆ ಅನ್ನಲಿಲ್ಲ.

‘ಚಿತ್ರ ನೋಡು ಮಗಾ. ಚಳಿಯಲ್ಲಿ ನಿಂತವಳು ಯಾರು?’

ಈ ಪ್ರಶ್ನೆಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ದೊಡ್ಡವಳಾದ ಮೇಲೆ ಲಾ ಫೊಂಟೇನ್‌ನ ಪದ್ಯದ ಅನುವಾದ ಓದಿದಾಗ ಆಶ್ಚರ್ಯವಾಯಿತು. 1668ರಲ್ಲಿ ಬಂದ ಅವನ ನೀತಿಕತೆಗಳ ಮೊದಲ ಸಂಗ್ರಹದ ಮೊದಲ ಪದ್ಯವೇ ಇದು, ಇಪ್ಪತ್ತೆರಡೇ ಸಾಲು. ಅದರಲ್ಲಿ ನೀತಿಯೇ ಇಲ್ಲ! ಇರುವೆಗೆ ಸಾಲ ಕೊಡುವ ಗುಣವಿಲ್ಲ, ಅದು ಅವಳ ದೋಷಗಳಲ್ಲಿ ತೀರಾ ಸಣ್ಣದು ಅಂತ ಕವಿ ಒಂದು ಮಾತು ಸೇರಿಸುತ್ತಾನೆ. ಬೇಸಿಗೆಯಲ್ಲಿ ಏನು ಮಾಡುತ್ತಿದ್ದೆ ಅಂತ ಇರುವೆ ಕೇಳುತ್ತಾಳೆ. ಹಾಡುತ್ತಿದ್ದೆ ಅನ್ನುತ್ತಾಳೆ ಜೀರುಂಡೆ. ಹಾಡುತ್ತಿದ್ದೆಯಾ, ಸಂತೋಷ, ಈಗ ಕುಣಿ. ಪದ್ಯ ಅಲ್ಲಿಗೆ ಮುಗಿಯುತ್ತದೆ. ಇರುವೆ ಸರಿ ಅಂತ ಅವನು ಎಲ್ಲೂ ಹೇಳಿಲ್ಲ. ಹೇಳಿದವರು ಆಮೇಲೆ ಬಂದ ಶಾಲೆಯವರು, ಅಚ್ಚುಕೂಟದವರು. ಈಸೋಪನ ಕತೆಗಳ ಕೊನೆಯ ನೀತಿವಾಕ್ಯಗಳೂ ಬಹುಪಾಲು ಹೀಗೇ, ಕತೆಯನ್ನು ಬರೆದಿಟ್ಟವರು ಜೋಡಿಸುತ್ತ ಹೋದವು.

ಇನ್ನೊಂದು ವಿಷಯ. ಕಾರ್ಡಿನ ಜೀರುಂಡೆ ಜೀರುಂಡೆಯೇ ಅಲ್ಲ. ಉದ್ದ ಹಿಂಗಾಲು, ಉದ್ದ ಮುಖ, ಅದು ಮಿಡತೆ. ಪ್ಯಾರಿಸಿನ ಕಡೆ ಜೀರುಂಡೆ ಸಿಗುವುದಿಲ್ಲ, ಅವು ದಕ್ಷಿಣದ ಬಿಸಿಲಿನವು. ಅಲ್ಲಿನ ಚಿತ್ರಕಾರರು ಕೀಟವನ್ನು ನೋಡದೆ ಬರೆದರು. 1838ರಲ್ಲಿ ಗ್ರಾಂವಿಲ್ ಎಂಬ ದೊಡ್ಡ ಚಿತ್ರಕಾರನೂ ಹೀಗೇ ಮಾಡಿದ್ದ. ಫ್ರಾನ್ಸಿನ ದಕ್ಷಿಣದಲ್ಲಿ ಕೂತು ಜೀವಮಾನವಿಡೀ ಕೀಟಗಳನ್ನೇ ನೋಡಿದ ಫಾಬ್ರ್ ಎಂಬವನಿಗೆ ಇದು ತಡೆಯಲಿಲ್ಲ. ಚಿತ್ರ ತಪ್ಪು, ಕತೆಯೂ ತಪ್ಪು ಅಂತ ಬರೆದ. ಜೀರುಂಡೆ ಚಳಿಗಾಲದವರೆಗೆ ಬದುಕುವುದೇ ಇಲ್ಲ. ಕಾಳು ತಿನ್ನುವುದಿಲ್ಲ, ಅದಕ್ಕಿರುವುದು ಹೀರುವ ಕೊಳವೆ. ಬೇಸಿಗೆಯ ಬಿಸಿಲಲ್ಲಿ ತೊಗಟೆಗೆ ತೂತು ಕೊರೆದು ಮರದ ರಸ ಕುಡಿಯುತ್ತದೆ. ಆಗ ಬಾಯಾರಿದ ಇರುವೆಗಳು ಮುತ್ತುತ್ತವೆ. ಅದರ ಹೊಟ್ಟೆಯಡಿ ನುಸುಳಿ, ಕಾಲು ಕಚ್ಚಿ, ರೆಕ್ಕೆ ಎಳೆದು, ಕೊನೆಗೆ ಅದನ್ನೇ ಅಲ್ಲಿಂದ ಎಬ್ಬಿಸುತ್ತವೆ. ಬೇಡಲು ಬಂದವರು ಯಾರು, ದುಡಿದವರು ಯಾರು ಅಂತ ಅವನು ಕಣ್ಣಾರೆ ನೋಡಿ ಬರೆದ. ಅಲ್ಲಿನ ಜೀರುಂಡೆ ನಾಲ್ಕು ವರ್ಷ ಕತ್ತಲಲ್ಲಿ, ಮಣ್ಣಿನಡಿ ಬೇರಿನ ರಸ ಹೀರಿಕೊಂಡು ಬೆಳೆಯುತ್ತದೆ. ಬಿಸಿಲಲ್ಲಿ ಸಿಗುವುದು ತಿಂಗಳಷ್ಟೇ. ಆ ತಿಂಗಳು ಹಾಡುತ್ತದೆ.

ಶಿರಸಿಯಲ್ಲಿ ಇರುವವರಿಗೆ ಇದನ್ನು ಪುಸ್ತಕ ಹೇಳಬೇಕಿಲ್ಲ. ಮಾರ್ಚ್ ಮುಗಿಯುತ್ತ ಬಂದಂತೆ ಬೆಟ್ಟದಲ್ಲಿ ಶುರುವಾಗುತ್ತದೆ ನೋಡಿ, ಕಿವಿ ಗುಂಯ್ಯೆನ್ನುವ ಹಾಗೆ. ಒಂದು ಮರ ನಿಲ್ಲಿಸಿದರೆ ಇನ್ನೊಂದು ಎತ್ತಿಕೊಳ್ಳುತ್ತದೆ. ನಮ್ಮ ಮನೆಯ ಹಿಂದಿನ ಹಲಸಿನ ಮರದ ಬುಡದಲ್ಲಿ ಅದು ಬಿಟ್ಟು ಹೋದ ಪೊರೆ ಸಿಗುತ್ತದೆ. ಹೋದ ತಿಂಗಳು ಮಗಳು ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದಳು. ಬೆಲ್ಲದ ಪಾಕದ ಬಣ್ಣ. ಬೆನ್ನು ಉದ್ದಕ್ಕೆ ಸೀಳಿದೆ. ಕಣ್ಣಿನ ಗುಳ್ಳೆ ಕೂಡ ಹಾಗೇ ಪೊಳ್ಳಾಗಿ ಉಳಿದಿದೆ. ಅಗೆಯುವ ಮುಂಗಾಲುಗಳ ಸಂದಿಯಲ್ಲಿ ಕೆಂಪು ಮಣ್ಣು ಒಣಗಿ ಕೂತಿತ್ತು. ‘ಆಯಿ, ಇದು ಸೋಮಾರಿಯಾ?’ ಅಂತ ಕೇಳಿದಳು. ಅವಳ ಪಾಠದಲ್ಲೂ ಆ ಕತೆ ಇದೆ. ನಾನು ಕಾರ್ಡು ತಂದು ಪೊರೆಯ ಪಕ್ಕ ಇಟ್ಟೆ. ಅವಳು ಎರಡನ್ನೂ ತುಂಬಾ ಹೊತ್ತು ನೋಡಿದಳು.

ಹಡಗಿನಜ್ಜನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನು ನೋಡಿದ್ದು ಹಿಮದಲ್ಲಿ ಹೂತ ಪಾದವನ್ನು. ಮಾರ್ಸೇಲ್ಸಿನ ಬೀದಿಯಲ್ಲಿ, ತೆಳು ಅಂಗಿಯಲ್ಲಿ, ಬೆಳಕಿದ್ದ ಬಾಗಿಲುಗಳ ಮುಂದೆ ನಡೆದವನಿಗೆ ಆ ಚಿತ್ರದಲ್ಲಿ ಬೇರೇನು ಕಾಣಬೇಕು? ಅವನು ಕತೆಯನ್ನು ತಪ್ಪಾಗಿ ಓದಿದ ಅಂತ ನಾನು ಒಪ್ಪುವುದಿಲ್ಲ. ಚಿತ್ರಕಾರ ಹಳದಿ ಬಣ್ಣವನ್ನು ಹೊಸ್ತಿಲಲ್ಲಿ ನಿಲ್ಲಿಸಿದ್ದನಲ್ಲ, ಅದನ್ನು ಅವನು ಸರಿಯಾಗಿಯೇ ಓದಿದ.

ಕೊನೆಯದು ಆಮೆಯ ಕಾರ್ಡು, 1933ರದ್ದು.

ಎರಡು ಬಾತುಕೋಳಿ ಒಂದು ಕೋಲಿನ ಎರಡು ತುದಿ ಹಿಡಿದು ಹಾರುತ್ತಿವೆ. ನಡುವೆ ಆಮೆ ಬಾಯಲ್ಲಿ ಕೋಲು ಕಚ್ಚಿ ತೂಗುತ್ತಿದೆ. ಕೆಳಗೆ ಮರದ ಚಪ್ಪಲಿ ಹಾಕಿದ ಹಳ್ಳಿಯವರು ಕೈ ಎತ್ತಿ ತೋರಿಸುತ್ತಿದ್ದಾರೆ. ಇದು ನಮ್ಮ ಪಂಚತಂತ್ರದ ಕತೆ. ನಮ್ಮದರಲ್ಲಿ ಬಾತುಕೋಳಿಯ ಬದಲು ಹಂಸಗಳು. ಮಳೆಯಿಲ್ಲದೆ ಕೆರೆ ಬತ್ತುತ್ತದೆ, ಆಮೆಯನ್ನು ಬಿಟ್ಟು ಹೋಗಲು ಗೆಳೆಯರಿಗೆ ಮನಸ್ಸಾಗುವುದಿಲ್ಲ. ಲಾ ಫೊಂಟೇನ್‌ನಲ್ಲಿ ಬರ ಇಲ್ಲ. ಅವನ ಆಮೆಗೆ ತನ್ನ ಬಿಲ ಬೇಜಾರಾಗಿದೆ, ದೇಶ ನೋಡಬೇಕು. ಬಾತುಕೋಳಿಗಳು ಅಮೆರಿಕಕ್ಕೆ ಕರೆದೊಯ್ಯುತ್ತೇವೆ ಅನ್ನುತ್ತವೆ! ಆಮೆಗ‍ಳ ರಾಣಿ ಹೋಗುತ್ತಿದ್ದಾಳೆ ನೋಡಿ ಅಂತ ಕೆಳಗಿನವರು ಕೂಗುತ್ತಾರೆ. ಹೌದು, ನಾನೇ ರಾಣಿ ಅನ್ನಲು ಹೋಗಿ ಆಮೆ ಬಾಯಿ ಬಿಡುತ್ತದೆ.

ಈ ಕತೆ ಅಲ್ಲಿಗೆ ಹೋದ ದಾರಿ ಉದ್ದದ್ದು. ಪಂಚತಂತ್ರ ಆರನೇ ಶತಮಾನದಲ್ಲಿ ಪರ್ಷಿಯಾದ ಅರಸನ ಆಸ್ಥಾನಕ್ಕೆ ಹೋಯಿತು. ಎಂಟನೇ ಶತಮಾನದಲ್ಲಿ ಅರಬ್ಬಿಗೆ ಬಂತು. ಅಲ್ಲಿಂದ ಹೀಬ್ರೂ, ಲ್ಯಾಟಿನ್, ಆಮೇಲೆ ಯುರೋಪಿನ ಒಂದೊಂದೇ ಭಾಷೆ. 1678ರಲ್ಲಿ ಎರಡನೇ ಸಂಗ್ರಹ ತರುವಾಗ ಲಾ ಫೊಂಟೇನ್ ಇದನ್ನು ಮುಚ್ಚಿಡಲಿಲ್ಲ. ಈ ಕತೆಗಳಲ್ಲಿ ಹೆಚ್ಚಿನವನ್ನು ಭಾರತದ ಜ್ಞಾನಿ ಪಿಲ್ಪೇಯಿಂದ ಪಡೆದೆ ಅಂತ ಕೃತಜ್ಞತೆಯಿಂದ ಬರೆದ. ಕನ್ನಡಕ್ಕಂತೂ ಪಂಚತಂತ್ರ ಅದಕ್ಕೂ ಆರುನೂರು ವರ್ಷ ಮೊದಲೇ ಬಂದಿತ್ತು. ಚಾಲುಕ್ಯ ಅರಸ ಜಯಸಿಂಹನ ಬಳಿ ಸಂಧಿವಿಗ್ರಹಿ, ಅಂದರೆ ಯುದ್ಧ-ಸಂಧಾನ ನೋಡಿಕೊಳ್ಳುವ ಮಂತ್ರಿ, ಆಗಿದ್ದ ದುರ್ಗಸಿಂಹ 1031ರ ಸುಮಾರಿಗೆ ಬರೆದ. ವಾಪಸು ಬಂದದ್ದೂ ಉಂಟು. 1830ರ ದಶಕದಲ್ಲಿ ಲಾಹೋರಿನ ಇಮಾಮ್ ಬಖ್ಶ್ ಎಂಬ ಕಲಾವಿದ ಫ್ರಾನ್ಸಿನವರೊಬ್ಬರಿಗಾಗಿ ಲಾ ಫೊಂಟೇನ್‌ನ ಕತೆಗಳನ್ನು ನಮ್ಮ ಮರ, ನಮ್ಮ ಬೆಟ್ಟ ಹಾಕಿ ಬರೆದುಕೊಟ್ಟ.

ಶಿರಸಿಯಿಂದ ಬನವಾಸಿ ದಾಟಿ ಬಳ್ಳಿಗಾವಿಗೆ ಹೋದರೆ ತ್ರಿಪುರಾಂತಕ ದೇವಸ್ಥಾನದಲ್ಲಿ ಪಂಚತಂತ್ರದ ಕತೆಗಳ ಸಣ್ಣ ಸಣ್ಣ ಕೆತ್ತನೆಗಳಿವೆ. ಹನ್ನೊಂದನೇ ಶತಮಾನದ ಗುಡಿ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಬಗ್ಗಿ, ಕಲ್ಲಿಗೆ ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿದಳು. ಕಲ್ಲಿನ ಕೆಳಗೆ ನೀತಿ ಬರೆದಿಲ್ಲ. ಯಾವ ಕತೆ ಅಂತ ಕೇಳಿದಾಗಲೆಲ್ಲ ನಾನು ಹೇಳಿದೆ. ಎರಡು ಕಡೆ ಅವಳೇ ಹೇಳಿದಳು, ನನ್ನದಕ್ಕಿಂತ ಬೇರೆಯಾಗಿ.

ಆಮೆಯ ಕಾರ್ಡಿನ ಹಿಂಭಾಗ ಎರಡಾಗಿ ಸೀಳಿದೆ. ಬಲಕ್ಕೆ ವಿಳಾಸ. ಅಂಚೆಚೀಟಿಯನ್ನು ಯಾರೋ ಕತ್ತರಿಸಿಕೊಂಡಿದ್ದಾರೆ, ಅಲ್ಲಿ ಚೌಕದ ತೂತು. ಎಡಕ್ಕೆ ಅವನ ಅಕ್ಷರ. ಮೊದಲ ಸಾಲು ದೊಡ್ಡದಾಗಿದೆ, ಜಾಗ ಸಾಲದೆ ಕೊನೆಯ ಸಾಲು ಅಂಚಿನ ಮೇಲೆ ಹತ್ತಿದೆ.

‘ಚಿ. ತಂಗಿಗೆ ಆಶೀರ್ವಾದ. ಇದು ನಮ್ಮ ಆಯಿ ಹೇಳುತ್ತಿದ್ದ ಕತೆ. ಇಲ್ಲಿಗೆ ಹೇಗೆ ಬಂತು ತಿಳಿಯದು. ಕೇಳಲು ಭಾಷೆ ಬರುವುದಿಲ್ಲ. ನಾನೂ ಕೋಲು ಕಚ್ಚಿಕೊಂಡಿದ್ದೇನೆ. ಬಾಯಿ ಬಿಡುವುದಿಲ್ಲ. ಅಪ್ಪನಿಗೆ ಹೇಳು.’

‘ಅಪ್ಪನಿಗೆ’ ಅನ್ನುವಲ್ಲಿ ಎಣ್ಣೆಯ ಒಂದು ಹೆಬ್ಬೆರಳಚ್ಚು ಇದೆ. ಬೆಳಕಿಗೆ ಹಿಡಿದರೆ ಗೆರೆಗಳೂ ಕಾಣುತ್ತವೆ. ಹಡಗಿನ ಅಡುಗೆಮನೆಯದೋ, ನಮ್ಮ ಮನೆಯ ಅಡುಗೆಮನೆಯದೋ.